ಕೈಗೆ ತಕ್ಕ ಚಕ್ರ

ಸಂಕ್ರಾಂತಿ ಬಂತೆಂದರೆ ಯೇವಲೆಯ ಮಾಳಿಗೆಗಳ ಮೇಲೆಲ್ಲ ಗಾಳಿಪಟಗಳ ಗದ್ದಲ. ಯಾವ ಗಾಳಿಗೆ ಯಾವ ಪಟ, ಯಾವ ಕೈಗೆ ಎಷ್ಟು ದೊಡ್ಡದು ಎಂಬುದನ್ನು ಇಲ್ಲಿನ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಹುಡುಗ ಶಾಲೆಯ ಪಂದ್ಯಕ್ಕೆ ಡಿಸ್ಕಸ್, ಅಂದರೆ ಎಸೆಯುವ ಚಕ್ರ, ಬೇಕೆಂದಾಗ ಮಾತ್ರ ಹಿರಿಯರಾದ ನಾವು ಅಂಗಡಿಯವರು ಕೊಟ್ಟದ್ದನ್ನು ಹೊತ್ತು ತರುತ್ತೇವೆ.

ನಾವೂ ಒಮ್ಮೆ ಹೀಗೆಯೇ ಮಾಡಿದೆವು. ಸಂಘದ ಹುಡುಗರಿಗೆಂದು ವರ್ಗಣಿ ಕೂಡಿಸಿ, ಇದ್ದುದರಲ್ಲಿ ಹೆಚ್ಚು ಬೆಲೆಯ ಚಕ್ರ ತಂದೆವು. ಚಕ್ರವೇನೋ ಒಳ್ಳೆಯದೇ. ಆದರೆ ಅಂಚು ಸವೆದ ಹಳೆಯದನ್ನು 30 ಮೀಟರು ಎಸೆಯುತ್ತಿದ್ದ ಹುಡುಗ ಹೊಸದನ್ನು 25ಕ್ಕೆ ಕೆಡವಿದ. ತನ್ನ ಕೈಯೇ ಕೆಟ್ಟಿತೆಂದು ಮೈದಾನಕ್ಕೆ ಬರುವುದನ್ನು ಬಿಟ್ಟ. ತಪ್ಪು ಅವನದಲ್ಲ, ಆರಿಸಿದ ನಮ್ಮದು.

ಎರಡೂ ಚಕ್ರಗಳ ತೂಕ ಒಂದೇ. ಆ ತೂಕ ಎಲ್ಲಿ ಕೂತಿದೆ ಎಂಬುದರಲ್ಲಿ ಭೇದ. ಗಿರಣಿಯಲ್ಲಿ ದುಡಿಯುವವರು ಯಂತ್ರದ ದೊಡ್ಡ ಗಾಲಿಯನ್ನು ನೆನೆಯಲಿ: ಅಂಚು ಭಾರವಾದಷ್ಟೂ ಅದನ್ನು ತಿರುಗಿಸುವುದು ಕಷ್ಟ, ತಿರುಗಿದ ಮೇಲೆ ನಿಲ್ಲಿಸುವುದೂ ಕಷ್ಟ. ಡಿಸ್ಕಸ್ಸಿನ ಲೋಹದ ಅಂಚಿನಲ್ಲಿ ಒಟ್ಟು ತೂಕದ ಶೇಕಡಾ 70-75 ಇದ್ದರೆ ಹೊಸಬನ ಬೆರಳಿಗೂ ಅದು ಸುಲಭವಾಗಿ ತಿರುಗುತ್ತದೆ. ಶೇಕಡಾ 85-90 ಇದ್ದರೆ ತೋರುಬೆರಳಿನಿಂದ ಬಿಡುವಾಗ ಬಲವಾದ ತಿರುವು ಕೊಡಲೇಬೇಕು. ಕೊಟ್ಟರೆ ಕೊನೆಯವರೆಗೂ ಸ್ಥಿರವಾಗಿ ತೇಲುತ್ತದೆ. ಕೊಡದಿದ್ದರೆ ನಡುದಾರಿಯಲ್ಲೇ ಓಲಾಡಿ ಬೀಳುತ್ತದೆ. ನಮ್ಮ ಹುಡುಗನಿಗೆ ಆದದ್ದು ಇದೇ. ಆದುದರಿಂದ ಎಸೆದ ಚಕ್ರ ಓಲಾಡುತ್ತಿದೆಯೇ ಎಂದು ಮೊದಲು ನೋಡಬೇಕು; ಬೆಲೆಯ ಮಾತು ಆಮೇಲೆ.

ತೂಕವನ್ನು ವಯಸ್ಸು ನೋಡಿ ಗೊತ್ತುಮಾಡಿದ್ದಾರೆ. ಹೆಂಗಸರಿಗೆ 1 ಕಿಲೋ, 18ರೊಳಗಿನ ಹುಡುಗರಿಗೆ 1.5, 20ರೊಳಗಿನವರಿಗೆ 1.75, ದೊಡ್ಡವರಿಗೆ 2 ಕಿಲೋ. ಅಗಲವೂ 18 ಸೆಂಟಿಮೀಟರಿನಿಂದ 22ರವರೆಗೆ ಏರುತ್ತದೆ. ಬೆರಳುಗಳ ತುದಿಗೆಣ್ಣು ಅಂಚಿನ ಮೇಲೆ ಸರಿಯಾಗಿ ಕೂಡದಿದ್ದರೆ ಆ ಚಕ್ರ ಆ ಕೈಗೆ ಸಲ್ಲದು. 'ಮುಂದೆ ಬೆಳೆಯುತ್ತಾನೆ' ಎಂದು ದೊಡ್ಡ ಅಂಗಿ ಹೊಲಿಸಬಹುದು, ಚಕ್ರ ಹಾಗಲ್ಲ.

ಮೈಸೂರಿನಲ್ಲಿ 1983ರಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಬೆಳೆದ ನಮ್ಮ ವಿಕಾಸ್ ಗೌಡರು 2 ಕಿಲೋ ಚಕ್ರವನ್ನು 2012ರಲ್ಲಿ 66.28 ಮೀಟರು ಎಸೆದು ರಾಷ್ಟ್ರೀಯ ದಾಖಲೆ ಮಾಡಿದರು. ಮರುವರ್ಷ ಇದೇ ಮಹಾರಾಷ್ಟ್ರದ ಪುಣೆಯಲ್ಲಿ ಏಷ್ಯಾದ ಚಿನ್ನ, 2014ರಲ್ಲಿ ಗ್ಲಾಸ್ಗೋದಲ್ಲಿ ಕಾಮನ್‌ವೆಲ್ತ್ ಚಿನ್ನ ಪಡೆದರು. ಅಂಥವರ ತೋಳಿಗೆ ಒಪ್ಪುವ ಚಕ್ರ ಎಂಟನೆಯ ಇಯತ್ತೆಯ ಹುಡುಗನಿಗೂ ಒಪ್ಪೀತೆಂದು ತಿಳಿಯುವುದು ನಮ್ಮ ಭೋಳೆತನ.

ಗಾಳಿಯ ಮಾತೂ ಉಂಟು. ಬೆನ್ನ ಹಿಂದಿನ ಗಾಳಿ ದೂರ ಒಯ್ಯುತ್ತದೆಂದು ಎಲ್ಲರೂ ಭಾವಿಸುತ್ತಾರೆ. ಚಕ್ರಕ್ಕೆ ಎದುರುಗಾಳಿಯೇ ಮೇಲು, ಕೆಳಗಿನಿಂದ ಎತ್ತಿ ಹಿಡಿಯುತ್ತದೆ. ಬಲಗೈಯವರಿಗೆ ಬಲಮುಂದಿನಿಂದ ಬೀಸಿದರೆ ಇನ್ನೂ ಒಳ್ಳೆಯದು. ಆದರೆ ಓಲಾಡುವ ಚಕ್ರಕ್ಕೆ ಆ ಗಾಳಿಯೇ ಶತ್ರು.

ಅಮೆರಿಕೆಯಲ್ಲಿ ಹಗುರವಾದ ಪ್ಲಾಸ್ಟಿಕ್ ತಟ್ಟೆಗಳನ್ನು ಸರಪಳಿ ಕಟ್ಟಿದ ಬುಟ್ಟಿಗೆ ಎಸೆಯುವ 'ಡಿಸ್ಕ್ ಗಾಲ್ಫ್' ಎಂಬ ಆಟವಿದೆ. ಅಲ್ಲಿ ತಟ್ಟೆಗಳ ಮೇಲೆ ವೇಗದ ಅಂಕೆ ಬರೆದಿರುತ್ತಾರೆ. ಹೊಸಬರು ದೊಡ್ಡ ಅಂಕೆಯ ತಟ್ಟೆಗೇ ಆಶೆಪಡುತ್ತಾರಂತೆ. ಕೈಯಲ್ಲಿ ಅಷ್ಟು ವೇಗವಿಲ್ಲದೆ ಅದು ಬೇಗನೆ ಒಂದು ಪಕ್ಕಕ್ಕೆ ಹೊರಳಿ ಬೀಳುತ್ತದೆ. ಸಮುದ್ರದಾಚೆಯೂ ನಮ್ಮಂಥವರೇ!

ನಮ್ಮ ಹುಡುಗ ತಿರುಗಿ ಬಂದಿದ್ದಾನೆ. ಹಳೆಯ ಚಕ್ರ ವಾಚನಾಲಯದ ಕಪಾಟಿನಲ್ಲಿದೆ. ಕೊಳ್ಳುವ ಮುಂಚೆ ಮಕ್ಕಳಿಂದ ಎಸೆಸಿ ನೋಡಬೇಕೆಂಬವರು ಭಾನುವಾರ ಬೆಳಿಗ್ಗೆ ರುಜು ಹಾಕಿ ಒಯ್ಯಬಹುದು. ಎಸೆಯುವಾಗ ಎದುರಿಗೂ ಪಕ್ಕಕ್ಕೂ ಯಾರೂ ನಿಲ್ಲಬಾರದು. ತರುವಾಗ ನಡೆದುಹೋಗಿ ಕೈಯಲ್ಲಿ ತರಬೇಕು, ತಿರುಗಿ ಎಸೆಯಕೂಡದು.