ಮುದ್ದೆ ಯಾಕೆ ಪೇಲವ, ನೀರುದೋಸೆ ಯಾಕೆ ಬೂದು?

ರಾಗಿ ಮುದ್ದೆಯನ್ನು ಫೋನಿನಲ್ಲಿ ಹತ್ತಿರದಿಂದ ಫೋಟೊ ತೆಗೆದರೆ ಅದರ ಗಾಢ ಕಂದು ಬಣ್ಣ ಪೇಲವವಾಗುತ್ತದೆ. ಅದೇ ಫೋನನ್ನು ನೀರುದೋಸೆಯ ಕಡೆ ತಿರುಗಿಸಿದರೆ ಹಾಲುಬಿಳುಪು ಬೂದಿಗೆ ಇಳಿಯುತ್ತದೆ. ಎರಡಕ್ಕೂ ಕಾರಣ ಒಂದೇ. ತಟ್ಟೆಯಲ್ಲಿರುವುದು ನಿಜಕ್ಕೂ ಎಷ್ಟು ಕಪ್ಪು, ಎಷ್ಟು ಬಿಳುಪು ಎಂದು ತಿಳಿಯಲು ಕ್ಯಾಮೆರಾಕ್ಕೆ ನೇರ ದಾರಿಯಿಲ್ಲ. ತನ್ನೊಳಗೆ ಬಂದ ಬೆಳಕನ್ನು ಅಳೆದು, ಇಡೀ ಚಿತ್ರ ನಡುಮಟ್ಟದ ಹೊಳಪಿಗೆ ಬರುವಂತೆ ಹೊಂದಿಸಿಬಿಡುತ್ತದೆ. ಹೀಗಾಗಿ ಕಪ್ಪು ತೆಳುವಾಗುತ್ತದೆ, ಬಿಳುಪು ಮಂಕಾಗುತ್ತದೆ.

ಪರದೆಯಲ್ಲಿ ಊಟದ ಮೇಲೆ ಬೆರಳಿಟ್ಟರೆ ಅನೇಕ ಫೋನುಗಳಲ್ಲಿ ಪುಟ್ಟ ಸೂರ್ಯನ ಗುರುತು ಮೂಡುತ್ತದೆ. ಮುದ್ದೆಗೆ ಅದನ್ನು ಕೆಳಕ್ಕೆ ಎಳೆಯಬೇಕು, ನೀರುದೋಸೆಗೆ ಮೇಲಕ್ಕೆ.

ಬಣ್ಣದ ವಿಚಾರ ಇನ್ನೂ ಸ್ವಾರಸ್ಯದ್ದು. ಸೆನ್ಸರ್‌ ಮೇಲಿನ ಲಕ್ಷಾಂತರ ಬಿಂದುಗಳು ಬೆಳಕು ಎಷ್ಟಿದೆ ಎಂದಷ್ಟೇ ಹೇಳಬಲ್ಲವು. ಅಮೆರಿಕದ ಕೊಡ್ಯಾಕ್ ಕಂಪನಿಯ ವಿಜ್ಞಾನಿ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಉಪಾಯದಲ್ಲಿ ಪ್ರತಿ ನಾಲ್ಕು ಬಿಂದುಗಳ ಪೈಕಿ ಎರಡರ ಮೇಲೆ ಹಸಿರು, ಒಂದರ ಮೇಲೆ ಕೆಂಪು, ಇನ್ನೊಂದರ ಮೇಲೆ ನೀಲಿ ಸೋಸುಪದರ ಕೂರುತ್ತದೆ. ಹಸಿರಿಗೆ ಎರಡು ಪಾಲು, ಏಕೆಂದರೆ ಮನುಷ್ಯರ ಕಣ್ಣು ಆ ಬಣ್ಣದ ಆಸುಪಾಸಿನಲ್ಲೇ ಹೆಚ್ಚು ಚುರುಕು. ಇಂದಿನ ಬಹುತೇಕ ಫೋನುಗಳು ಇದೇ ಜೋಡಣೆಯನ್ನೋ ಇದರಿಂದ ಹುಟ್ಟಿದ ರೂಪಗಳನ್ನೋ ಬಳಸುತ್ತವೆ. ಉಳಿದ ಬಣ್ಣಗಳೆಲ್ಲ ಲೆಕ್ಕ ಹಾಕಿ ತುಂಬಿದವು.

ಆ ಲೆಕ್ಕಕ್ಕೆ ಮೊದಲು ಯಾವುದು ಬಿಳಿ ಎಂದು ತೀರ್ಮಾನವಾಗಬೇಕು. ಬಾಳೆಎಲೆಯೇ ಚಿತ್ರವನ್ನೆಲ್ಲ ತುಂಬಿದ್ದರೆ ಕ್ಯಾಮೆರಾ ಕೆಲವೊಮ್ಮೆ ಬೆಳಕೇ ಹಸಿರೆಂದು ಭಾವಿಸಿ, ಅದನ್ನು ಸರಿಪಡಿಸಲು ಹೋಗಿ ಕೋಸಂಬರಿಗೆ ನಸುಗೆಂಪು ಬಳಿಯುತ್ತದೆ. ಎಲೆಯ ಮೇಲೆ ಒಂದಿಷ್ಟು ಬಿಳಿ ಅನ್ನ ಕಾಣುವಂತಿದ್ದರೆ ಈ ತಪ್ಪು ಕಡಿಮೆ. ಅಗ್ಗದ ಎಲ್‌ಇಡಿ ದೀಪದ ತೊಂದರೆ ಬೇರೆ ಬಗೆಯದು. ಅದರ ಬೆಳಕಿನಲ್ಲಿ ಕಡುಗೆಂಪಿನ ಪಾಲೇ ಕಡಿಮೆ, ಹಾಗಾಗಿ ಕೆಂಪು ಚಟ್ನಿ ಕಳೆಗುಂದುತ್ತದೆ. ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಯಾವ ಫೋನೂ ಪೂರ್ತಿಯಾಗಿ ಮರಳಿ ತರಲಾರದು.

ಆದ್ದರಿಂದ ದುಬಾರಿ ಫೋನಿಗಿಂತ ಹಗಲಿನ ಕಿಟಕಿಯೇ ಹೆಚ್ಚಿನದು. ತಟ್ಟೆಯನ್ನು ಕಿಟಕಿಯ ಬಳಿ ಇಟ್ಟು ಬೆಳಕು ಪಕ್ಕದಿಂದ ಇಲ್ಲವೇ ತುಸು ಹಿಂದಿನಿಂದ ಬೀಳುವಂತೆ ನಿಂತರೆ ಒಗ್ಗರಣೆಯ ಸಾಸಿವೆ ಕಾಳುಗಳು ಪುಟ್ಟ ನೆರಳು ಚೆಲ್ಲಿ ಎದ್ದು ಕಾಣುತ್ತವೆ, ತುಪ್ಪ ಮಿನುಗುತ್ತದೆ. ಫ್ಲ್ಯಾಶ್ ಈ ಸೊಗಸನ್ನೆಲ್ಲ ಅಳಿಸಿಹಾಕುತ್ತದೆ. ಅದು ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ನೆರಳುಗಳು ವಸ್ತುವಿನ ಹಿಂದೆ ಅಡಗಿ, ಉಬ್ಬುತಗ್ಗು ಮಾಯವಾಗುತ್ತದೆ. ಇಡ್ಲಿಯ ಹಬೆ ಬೇಕೆಂದರಂತೂ ಹಿಂಬೆಳಕೇ ಬೇಕು: ಸೂಕ್ಷ್ಮ ನೀರಹನಿಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚದುರಿಸುತ್ತವೆ. ಹಿನ್ನೆಲೆ ಕಪ್ಪಾಗಿದ್ದರೆ ಅದು ಇನ್ನೂ ಚೆನ್ನಾಗಿ ಕಾಣುತ್ತದೆ.

ತಟ್ಟೆಗೆ ತೀರಾ ಹತ್ತಿರ ಹೋಗುವುದೂ ಒಳ್ಳೆಯದಲ್ಲ. ಫೋನಿನ ಮುಖ್ಯ ಲೆನ್ಸ್ ಅಗಲ ನೋಟದ್ದು; ಸಮೀಪದ ಬಟ್ಟಲು ಉಬ್ಬಿ, ಹಿಂದಿನ ಲೋಟ ಕುಗ್ಗುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿದರೆ ಆಕಾರ ಸರಿಯಾಗುತ್ತದೆ.

ಈ ಹೊಂದಾಣಿಕೆಯನ್ನೆಲ್ಲ ಖಾಲಿ ತಟ್ಟೆ ಇಟ್ಟೇ ಮುಗಿಸಿಕೊಳ್ಳಬೇಕು. ಬಿಸಿಬೇಳೆಬಾತ್ ಆರುತ್ತ ಗಟ್ಟಿಯಾಗುತ್ತದೆ, ತುಪ್ಪ ಹೆಪ್ಪುಗಟ್ಟಿ ಹೊಳಪು ಕಳೆದುಕೊಳ್ಳುತ್ತದೆ, ಬಿಸಿಯ ಮೇಲೆ ಉದುರಿಸಿದ ಕೊತ್ತಂಬರಿ ಸೊಪ್ಪು ಬಾಡುತ್ತದೆ. ಬಡಿಸಿದ ಮೇಲೆ ಫೋಟೊಗೆ ಸಿಗುವುದು ಕೆಲವೇ ನಿಮಿಷ.