ನಡುರಾತ್ರಿಯ ಬೆವರು, ಎದೆಯ ಲೆಕ್ಕ

ಜನವರಿಯ ಚಳಿ. ಮನೆಯವರೆಲ್ಲ ಕಂಬಳಿ ಹೊದ್ದು ಮಲಗಿದ್ದ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಬೆಳಕು ಕಂಡು ಎದ್ದು ಹೋದೆ. ಅತ್ತಿಗೆ ಫ್ರಿಜ್ಜಿನ ಬಾಗಿಲು ತೆರೆದು ಅದರ ಮುಂದೆ ನಿಂತಿದ್ದರು. ನೈಟಿಯ ಬೆನ್ನು ಪೂರ್ತಿ ಒದ್ದೆ. "ಏನಿಲ್ಲ, ಮಜ್ಜಿಗೆ ಹುಡುಕ್ತಿದ್ದೆ" ಅಂದರು. ಮಜ್ಜಿಗೆ ಪಾತ್ರೆ ಕಣ್ಣೆದುರಿಗೇ ಇತ್ತು.

ಆಗ ಅವರಿಗೆ ನಲವತ್ತೇಳು. ನಮ್ಮ ದೇಶದ ಹೆಂಗಸರಿಗೆ ಸರಾಸರಿ ಮುಟ್ಟು ನಿಲ್ಲುವುದೇ ಆ ವಯಸ್ಸಿನ ಆಸುಪಾಸಿನಲ್ಲಿ. ಅಮೆರಿಕ, ಯುರೋಪುಗಳಲ್ಲಿ 51ರ ಸುಮಾರಿಗೆ. ಈಸ್ಟ್ರೋಜನ್ ಇಳಿದಾಗ ಮಿದುಳಿನಲ್ಲಿ ಮೈಬಿಸಿಯ ಹದ ಕಾಯುವ ಹೈಪೋಥಲಾಮಸ್ ಥರ್ಮೋಸ್ಟಾಟ್ ಕೆಟ್ಟ ಗೀಸರಿನಂತಾಡುತ್ತದೆ. ಅರ್ಧ ಡಿಗ್ರಿ ಏರಿದರೂ ಬೆಂಕಿ ಬಿದ್ದಂತೆ ಗಾಬರಿಗೊಂಡು ಬೆವರು ಹರಿಸುತ್ತದೆ. "ಎರಡು ವರ್ಷ ತಡ್ಕೋ, ಹೋಗುತ್ತೆ" ಎನ್ನುವುದು ಹಿರಿಯರ ಸಮಾಧಾನ. ಅಮೆರಿಕದ ಸ್ವಾನ್ ಅಧ್ಯಯನದಲ್ಲಿ, ಪದೇಪದೇ ಬೆವರುತ್ತಿದ್ದವರ ಪೈಕಿ ಅರ್ಧದಷ್ಟು ಮಂದಿಗೆ ಅದು ಏಳು ವರ್ಷಕ್ಕೂ ಮೀರಿ ಕಾಡಿತ್ತು.

ಇದಕ್ಕೆ ಅತ್ಯುತ್ತಮ ಮದ್ದು ಇವತ್ತಿಗೂ ಹಾರ್ಮೋನ್ ಚಿಕಿತ್ಸೆಯೇ. ಆದರೆ ಆ ಹೆಸರೆತ್ತಿದರೆ ಸಾಕು, "ಅಯ್ಯೋ, ಕ್ಯಾನ್ಸರ್ ಬರುತ್ತೆ, ಹಾರ್ಟಿಗೆ ಕೆಟ್ಟದ್ದು" ಎಂಬ ಮಾತು. ಈ ಭಯಕ್ಕೊಂದು ಹುಟ್ಟಿದ ತಿಂಗಳಿದೆ: 2002ರ ಜುಲೈ.

ಅದಕ್ಕೂ ಮುನ್ನ ಗಾಳಿ ಪೂರ್ತಿ ಇನ್ನೊಂದು ದಿಕ್ಕಿಗಿತ್ತು. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಪ್ರೆಮರಿನ್ ಮಾತ್ರೆ ಅಮೆರಿಕದಲ್ಲಿ 1942ರಿಂದಲೇ ಮಾರಾಟದಲ್ಲಿತ್ತು. ಬೆವರಿಗಷ್ಟೇ ಅಲ್ಲ, ಹೃದಯಕ್ಕೂ ಅದು ರಕ್ಷೆ ಎಂದು ಎಷ್ಟೋ ವೈದ್ಯರು ನಂಬಿದ್ದರು. ನಿಜವೇ ಎಂದು ನೋಡಲು ಹೊರಟದ್ದು ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಅಮೆರಿಕದ ಅಧ್ಯಯನ. ಅದರ ಒಂದು ಭಾಗದಲ್ಲಿ 16,608 ಹೆಂಗಸರಿಗೆ ಈಸ್ಟ್ರೋಜನ್-ಪ್ರೊಜೆಸ್ಟಿನ್ ಜೋಡಿ ಮಾತ್ರೆ, ಇಲ್ಲವೇ ಹುಸಿ ಮಾತ್ರೆ ಕೊಟ್ಟರು. ಅವಧಿಗೆ ಮುನ್ನವೇ ಅದನ್ನು ನಿಲ್ಲಿಸಿದಾಗ ಸ್ತನ ಕ್ಯಾನ್ಸರ್ ಶೇ. 26, ಹೃದ್ರೋಗ ಶೇ. 29 ಹೆಚ್ಚು ಎಂದು ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿ. ಲಕ್ಷಾಂತರ ಮಂದಿ ಮಾತ್ರೆ ಬಿಸಾಡಿದರು.

ಅದೇ ಲೆಕ್ಕವನ್ನು ತಲೆ ಎಣಿಸಿ ನೋಡಿ. ಹುಸಿ ಮಾತ್ರೆ ನುಂಗಿದ 10,000 ಮಂದಿಯಲ್ಲಿ ವರ್ಷಕ್ಕೆ 30 ಜನಕ್ಕೆ ಸ್ತನ ಕ್ಯಾನ್ಸರ್. ಹಾರ್ಮೋನ್ ನುಂಗಿದವರಲ್ಲಿ 38. ಹೃದ್ರೋಗ 30ರಿಂದ 37ಕ್ಕೆ. ಸೊಂಟದ ಮೂಳೆ ಮುರಿತ ಐದು ಕಡಿಮೆ. ಎಂಟು ಜನ ಅಂದರೆ ಏನೂ ಅಲ್ಲ ಎನ್ನುತ್ತಿಲ್ಲ. ಶೇಕಡಾ 26 ಎಂದಾಗ ಹುಟ್ಟುವ ನಡುಕವೇ ಬೇರೆ, ಅಷ್ಟೆ.

ಸುದ್ದಿಯ ಗದ್ದಲದಲ್ಲಿ ಮರೆಯಾದದ್ದು ವಯಸ್ಸು. ಆ ಹೆಂಗಸರ ಸರಾಸರಿ ವಯಸ್ಸು 63. ಬೆವರಿಗೆ ಮದ್ದು ಕೇಳುವವಳು ಅತ್ತಿಗೆಯ ವಯಸ್ಸಿನವಳು. ಉತ್ತರ ಸಿಕ್ಕಿದ್ದು ಅವಳ ಅಮ್ಮನ ವಯಸ್ಸಿನವರಿಂದ! ಬೋರ್‌ವೆಲ್ ನೀರಿನ ಪೈಪಿನೊಳಗೆ ಸುಣ್ಣ ಕಟ್ಟುವುದನ್ನು ಕಂಡವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ: ವಯಸ್ಸಾದಂತೆ ರಕ್ತನಾಳದ ಒಳಗೋಡೆಯೂ ಹಾಗೇ ಕಟ್ಟಿಕೊಳ್ಳುತ್ತದೆ. 2016ರಲ್ಲಿ ಪ್ರಕಟವಾದ ಎಲೀಟ್ ಪ್ರಯೋಗದಲ್ಲಿ, ಮುಟ್ಟು ನಿಂತು ಆರು ವರ್ಷದೊಳಗೆ ಈಸ್ಟ್ರೋಜನ್ ಶುರುಮಾಡಿದವರ ಕುತ್ತಿಗೆಯ ರಕ್ತನಾಳದ ಗೋಡೆ ಹುಸಿ ಮಾತ್ರೆಯವರಿಗಿಂತ ನಿಧಾನವಾಗಿ ದಪ್ಪಗಾಯಿತು. ಹತ್ತು ವರ್ಷ ಕಳೆದವರಿಗೆ ಅಂಥ ಲಾಭ ಕಾಣಲಿಲ್ಲ. ಅಳೆದದ್ದು ನಾಳದ ದಪ್ಪವನ್ನೇ ಹೊರತು ಹೃದಯಾಘಾತವನ್ನಲ್ಲ. ಹಾಗಾಗಿ ಹೃದಯ ಕಾಯಲೆಂದೇ ಹಾರ್ಮೋನ್ ನುಂಗುವುದು ಈಗಲೂ ಸಲ್ಲದು. ಅರವತ್ತರೊಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ, ಬೆವರು ಬದುಕನ್ನೇ ಕಲಕುತ್ತಿದ್ದರೆ, ಬೇರೆ ತೊಡಕಿಲ್ಲದವರಿಗೆ ಲಾಭದ ತಕ್ಕಡಿ ತೂಗುತ್ತದೆ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ, ಪಾರ್ಶ್ವವಾಯು, ಹೃದಯಾಘಾತ ಆದವರಿಗೆ ಸಾಮಾನ್ಯವಾಗಿ ಬೇಡ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಡುವಂತಿಲ್ಲ. ಚರ್ಮಕ್ಕೆ ಹಚ್ಚುವ ಜೆಲ್, ಪ್ಯಾಚ್‌ಗಳಲ್ಲಿ ಮಾತ್ರೆಗಿಂತ ಹೆಪ್ಪಿನ ಅಪಾಯ ಕಡಿಮೆ.

2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಔಷಧಗಳ ಮೇಲಿನ ಕಪ್ಪು ಚೌಕಟ್ಟಿನ ಎಚ್ಚರಿಕೆಗಳಲ್ಲಿ ಬಹುಪಾಲನ್ನು ತೆಗೆಯುವುದಾಗಿ ಪ್ರಕಟಿಸಿದರು. ಒಳ್ಳೆಯದೇ. ಆದರೆ ಲೋಲಕ ಮತ್ತೆ "ಎಲ್ಲರಿಗೂ ಅಮೃತ" ಎನ್ನುವ ತುದಿಗೆ ತೂಗೀತೆಂಬ ಅಳುಕು ನನಗಿದೆ.

ನಮ್ಮ ಕಡೆಯ ಸಂಕಟ ಇನ್ನೊಂದು ಬಗೆಯದು. ರಕ್ತಸ್ರಾವ ಜಾಸ್ತಿ ಅಂದರೆ "ಗರ್ಭಕೋಶ ತೆಗೆಸಿಬಿಡಿ, ಪೀಡೆ ಕಳೀತು" ಎನ್ನುವವರಿಗೆ ಕೊರತೆಯಿಲ್ಲ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರುವಂತೆ 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಮೂವತ್ತೈದಕ್ಕೇ ಅಂಡಾಶಯವನ್ನೂ ಕಳೆದುಕೊಂಡವಳ ಹೃದಯಕ್ಕೆ ಅಪಾಯ ಹೆಚ್ಚು. ಹಾರ್ಮೋನ್ ನಿಜಕ್ಕೂ ಬೇಕಾದವಳು ಅವಳೇ. ಅವಳ ಕೈಗೆ ಸಿಗುವುದು ಬಹಳ ಸಲ ಕ್ಯಾಲ್ಸಿಯಂ ಮಾತ್ರೆಯ ಚೀಟಿ.

ಅತ್ತಿಗೆಯನ್ನು ಕೊನೆಗೂ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಮೊದಲು ಕೈಗೆತ್ತಿಕೊಂಡದ್ದು ಬಿಪಿ ಪಟ್ಟಿ. 154/96. ಮುಟ್ಟು ನಿಲ್ಲುವ ಹೊತ್ತಿಗೆ ಕೆಟ್ಟ ಕೊಲೆಸ್ಟ್ರಾಲೂ ಏರುತ್ತದೆಂದು ರಕ್ತ ಪರೀಕ್ಷೆಗೆ ಬರೆದರು. ಬೆವರಿಗೆಂದು ಹೋದವರು ಬಿಪಿ ಮಾತ್ರೆ ಹಿಡಿದು ಬಂದರು. ಜೆಲ್ಲೂ ಪ್ರೊಜೆಸ್ಟರಾನೂ ಶುರುವಾದದ್ದು ಬಿಪಿ ಹದಕ್ಕೆ ಬಂದ ಮೇಲೆ.

ಈಗ ಫ್ರಿಜ್ಜಿನ ಬಾಗಿಲ ಮೇಲೆ, ಹಾಲಿನ ಲೆಕ್ಕದ ಪಕ್ಕ, ಇನ್ನೊಂದು ಚೀಟಿ ಅಂಟಿದೆ. ಎಡಗಡೆ ಬಿಪಿ. ಬಲಗಡೆ, ಪೆನ್ಸಿಲ್ಲಿನಲ್ಲಿ, ರಾತ್ರಿ ಎಷ್ಟು ಸಲ ಎದ್ದೆ ಅಂತ.