ಚರ್ಮದಡಿಯ 15 ಅಂಕಿಗಳು: ಕಾವಲು ನಾಯಿಯ ಗುರುತು ಪರಿಶೀಲನೆ

ಗದಗ-ಬೆಟಗೇರಿಯ ಅಡತಿ ಅಂಗಡಿಗಳ ಹಿಂದಿನ ಗೋದಾಮುಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಾರ್ಖಾನೆಗಳ ಆವರಣಗಳಲ್ಲಿ ರಾತ್ರಿಯ ಕಾವಲಿಗೆ ನಾಯಿ ಸಾಕುವುದು ಹಳೆಯ ರೂಢಿ. ಹಿಂದೆ ಬೀದಿಯ ಮರಿಯೊಂದಕ್ಕೆ ದಿನವೂ ರೊಟ್ಟಿ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಈಗ ತಳಿಯ ಮರಿಗೆ ಸಾವಿರಾರು ರೂಪಾಯಿ ಎಣಿಸಿಕೊಡಲಾಗುತ್ತದೆ. ಹಳೆಯ ಟೆಂಪೊ ಕೊಳ್ಳುವಾಗ ಚಾಸಿ ಸಂಖ್ಯೆಯನ್ನು ಪುಸ್ತಕದೊಡನೆ ತಾಳೆ ನೋಡದೆ ಮುಂಗಡ ಕೊಡದ ವರ್ತಕರೂ ನಾಯಿಯ ವಿಷಯದಲ್ಲಿ ಮಾರುವವನ ಬಾಯಿಮಾತನ್ನೇ ಪ್ರಮಾಣವೆಂದು ಸ್ವೀಕರಿಸುತ್ತಾರೆ.

ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಗೆ ಬೇಡಿಕೆ ದೊಡ್ಡದು. ಭಾರತೀಯ ಅಂಚೆ ಇಲಾಖೆಯು 2005ರಲ್ಲಿ ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ. ಹೆಸರು ಬೆಳೆದಂತೆ ಅದೇ ಹೆಸರಿನಲ್ಲಿ ಮಿಶ್ರತಳಿಯನ್ನು ಮಾರುವ ಆಸೆಯೂ ಹುಟ್ಟುವುದು ವ್ಯಾಪಾರದ ಸ್ವಭಾವವೇ ಆಗಿದೆ. ಇಲ್ಲಿ ಕೊಳ್ಳುವವನ ನೆರವಿಗೆ ಬರುವ ಸಾಧನವೇ ಮೈಕ್ರೋಚಿಪ್.

ಇದು ಅಕ್ಕಿಕಾಳಿನ ಗಾತ್ರದ, ಸುಮಾರು 12 ಮಿಲಿಮೀಟರ್ ಉದ್ದದ ಗಾಜಿನ ಕೋಶ. ಪಶುವೈದ್ಯರು ಇದನ್ನು ದಪ್ಪ ಸೂಜಿಯಿಂದ ನಾಯಿಯ ಅಥವಾ ಬೆಕ್ಕಿನ ಹೆಗಲುಗಳ ನಡುವೆ ಚರ್ಮದ ಕೆಳಗೆ ಸೇರಿಸುತ್ತಾರೆ. ಇದಕ್ಕೆ ಬ್ಯಾಟರಿ ಇಲ್ಲ. ಸ್ಕ್ಯಾನರ್ ಹತ್ತಿರ ಬಂದಾಗ ಅದರ ರೇಡಿಯೋ ಅಲೆಗಳಿಂದಲೇ ಶಕ್ತಿ ಪಡೆದು ತನ್ನ 15 ಅಂಕಿಗಳ ಸಂಖ್ಯೆಯನ್ನು ತಿಳಿಸುತ್ತದೆ. ಮೊದಲ ಮೂರು ಅಂಕಿಗಳು ದೇಶವನ್ನೋ ತಯಾರಕರನ್ನೋ ಸೂಚಿಸುತ್ತವೆ. ಭಾರತದ ಸಂಕೇತ 356, ಒಂಬತ್ತರಿಂದ ಆರಂಭವಾಗುವವು ಸಾಮಾನ್ಯವಾಗಿ ತಯಾರಕರವು. ಕಳೆದುಹೋದ ನಾಯಿ ಎಲ್ಲಿದೆಯೆಂದು ಚಿಪ್ಪು ತೋರಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ಮೊಬೈಲ್ ಫೋನಿನಿಂದ ಓದಿಕೊಳ್ಳಬಹುದೆಂಬುದೂ ತಪ್ಪು. ಚಿಪ್ಪು 134.2 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ಕೆಲಸ ಮಾಡುತ್ತದೆ, ಫೋನಿನ ಸಾಧನದ ಕಂಪನಾಂಕವೇ ಬೇರೆ.

ಆದ್ದರಿಂದ ಪರಿಶೀಲನೆಗೆ ಪಶುವೈದ್ಯರಲ್ಲಿಗೇ ಹೋಗಬೇಕು. ಎಲ್ಲ ಆಸ್ಪತ್ರೆಗಳಲ್ಲೂ ಸ್ಕ್ಯಾನರ್ ಇರುವುದಿಲ್ಲವಾದುದರಿಂದ ದೂರವಾಣಿಯಲ್ಲಿ ವಿಚಾರಿಸಿ ಹೊರಡುವುದು ಲೇಸು. ಸ್ಕ್ಯಾನರನ್ನು ಹೆಗಲ ಮೇಲೆ ಒಮ್ಮೆ ಆಡಿಸಿ 'ಇಲ್ಲ' ಎನ್ನುವುದು ಅವಸರದ ತೀರ್ಮಾನ. ಚಿಪ್ಪು ಕಾಲಕ್ರಮದಲ್ಲಿ ಚರ್ಮದಡಿ ಸರಿಯಬಹುದು. ಕುತ್ತಿಗೆಯ ಎರಡೂ ಬದಿ, ಬೆನ್ನು, ಪಕ್ಕೆ, ಮುಂಗಾಲುಗಳ ಮೊಣಕೈವರೆಗೆ ನಿಧಾನವಾಗಿ ಆಡಿಸಬೇಕು. ಲೋಹದ ಬಕ್ಕಲಿನ ಕೊರಳಪಟ್ಟಿಯನ್ನು ಮೊದಲು ತೆಗೆಯಬೇಕು. ಹಳೆಯ ಕೆಲವು ಚಿಪ್ಪುಗಳ ಕಂಪನಾಂಕ ಬೇರೆಯಿರುವುದರಿಂದ ಎಲ್ಲ ಸ್ಕ್ಯಾನರುಗಳಿಗೂ ಅವು ಸಿಗುವುದಿಲ್ಲ.

ಲಕ್ಷ್ಮೇಶ್ವರದ ವರ್ತಕರೊಬ್ಬರು ವಂಶಾವಳಿ ಪತ್ರಸಹಿತ ಮರಿಯೊಂದನ್ನು ಕೊಂಡರೆಂದು ಭಾವಿಸೋಣ. ಚೆನ್ನೈಯಲ್ಲಿ ಕೇಂದ್ರ ಕಚೇರಿಯುಳ್ಳ ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರದಲ್ಲಿ ಚಿಪ್ಪಿನ ಸಂಖ್ಯೆ ನಮೂದಾಗಿರುತ್ತದೆ. ಸ್ಕ್ಯಾನರಿನ ಸಂಖ್ಯೆಯೂ ಪತ್ರದ ಸಂಖ್ಯೆಯೂ 15 ಅಂಕಿಗಳಲ್ಲೂ ಹೊಂದಬೇಕು. ಹೊಂದದಿದ್ದರೆ ಪತ್ರ ಅಸಲಿಯಾಗಿದ್ದರೂ ನಾಯಿ ಬೇರೆ! ಹಣ ಕೊಡುವ ಮುಂಚೆ ತಿಳಿದರೆ ಚೌಕಾಸಿಯ ಮಾತು, ಕೊಟ್ಟ ಮೇಲೆ ತಿಳಿದರೆ ವ್ಯಾಜ್ಯದ ಮಾತು. 2017ರ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ತಳಿಗಾರನು ನೋಂದಾಯಿತನಾಗಿರಬೇಕೆಂದೂ ನಾಯಿಗಳಿಗೆ ಚಿಪ್ಪು ಹಾಕಿಸಬೇಕೆಂದೂ ವಿಧಿಸಿವೆ; ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಸಂಖ್ಯೆ ಕೇಳಿದೊಡನೆ ಮಾರುವವನು ಮಾತು ತಿರುಗಿಸಿದರೆ ಅಲ್ಲಿಂದ ಎದ್ದು ಬರುವುದೇ ವಿವೇಕ.

ಎತ್ತು, ಎಮ್ಮೆಗಳ ವಿಷಯದಲ್ಲಿ ಈ ಭಾಗದ ಜನರಿಗೆ ಗುರುತಿನ ಬೆಲೆ ಚೆನ್ನಾಗಿ ಗೊತ್ತು. 12 ಅಂಕಿಗಳ ಹಳದಿ ಕಿವಿಯೋಲೆ ಇಲ್ಲದಿದ್ದರೆ ವಿಮಾ ಪರಿಹಾರ ಕೈಸೇರುವುದು ಕಷ್ಟ. ಓಲೆ ಬಿದ್ದುಹೋದರೆ ಕೂಡಲೇ ವಿಮಾ ಕಂಪನಿಗೆ ತಿಳಿಸಿ ಹೊಸದನ್ನು ಹಾಕಿಸಬೇಕು. ನಾಯಿಗೆ ಆ ಓಲೆಯ ಸ್ಥಾನದಲ್ಲಿರುವುದು ಚಿಪ್ಪು, ಬೀಳುವ ಭಯವೂ ಕಡಿಮೆ.

ಲೆಕ್ಕಪತ್ರದ ಮಾತೂ ಒಂದಿದೆ. ಗೋದಾಮಿನ ಕಾವಲಿಗೆಂದು ಕೊಂಡ ನಾಯಿಯ ಬೆಲೆಯನ್ನು ಕಿರ್ದಿಯಲ್ಲಿ ಸಾಮಾನ್ಯ ಖರ್ಚೆಂದು ಬರೆದುಬಿಡುವುದು ರೂಢಿ. 1961ರ ಆದಾಯ ತೆರಿಗೆ ಕಾಯ್ದೆಯ 36ನೆಯ ಕಲಮು, ವ್ಯಾಪಾರದ ಸರಕಲ್ಲದೆ ವ್ಯಾಪಾರಕ್ಕೆ ಬಳಸಿದ ಪ್ರಾಣಿಯು ಸತ್ತಾಗ ಅಥವಾ ಶಾಶ್ವತವಾಗಿ ನಿರುಪಯೋಗಿಯಾದಾಗ, ಕೊಂಡ ಬೆಲೆಗೂ ಅದರಿಂದ ಬಂದ ಹಣಕ್ಕೂ ಇರುವ ವ್ಯತ್ಯಾಸವನ್ನು ಕಳೆಯಲು ಅವಕಾಶವಿತ್ತಿತು. ಇಂದಿನ ಕಲಮನ್ನು ತಮ್ಮ ಲೆಕ್ಕಪರಿಶೋಧಕರಲ್ಲಿ ಕೇಳಿಕೊಳ್ಳಬೇಕು. ಸತ್ತ ನಾಯಿಯೇ ಬಿಲ್ಲಿನ ನಾಯಿ ಎಂದು ತೋರಿಸುವುದು ಹೇಗೆ? ಖರೀದಿ ಬಿಲ್ಲಿನಲ್ಲಿಯೂ ಪಶುವೈದ್ಯರ ಮರಣ ಪತ್ರದಲ್ಲಿಯೂ ಒಂದೇ ಚಿಪ್ಪಿನ ಸಂಖ್ಯೆಯಿದ್ದರೆ ತೆರಿಗೆ ಅಧಿಕಾರಿಯ ಮುಂದೆ ಹೆಚ್ಚು ಮಾತು ಬೇಕಾಗದು. ಮನೆಯಲ್ಲಿ ಮುದ್ದಿಗೆ ಸಾಕಿದ ನಾಯಿಯನ್ನು ಅಂಗಡಿಯ ಲೆಕ್ಕಕ್ಕೆ ತರುವ ಜಾಣತನಕ್ಕೆ ಇಲ್ಲಿ ಎಡೆಯಿಲ್ಲ.

ಇನ್ನು ದಾರಿತಪ್ಪಿ ಆವರಣಕ್ಕೆ ಬಂದ ನಾಯಿ. ಕೊರಳಪಟ್ಟಿಯ ಗುರುತಿದ್ದು, ಮೈ ನಯವಾಗಿದ್ದು, ಜನರಿಗೆ ಹೆದರದ ನಾಯಿಯಾದರೆ ಅದನ್ನು ಕಟ್ಟಿಹಾಕಿ ತನ್ನದೆನ್ನುವ ಮುನ್ನ ಒಮ್ಮೆ ಸ್ಕ್ಯಾನ್ ಮಾಡಿಸಬೇಕು. ಅದು ಬೇರೊಬ್ಬರ ಸ್ವತ್ತು. ಆದರೆ ಚಿಪ್ಪಿನಲ್ಲಿ ಒಡೆಯನ ಹೆಸರಾಗಲಿ ವಿಳಾಸವಾಗಲಿ ಇರುವುದಿಲ್ಲ, ಸಂಖ್ಯೆ ಮಾತ್ರ. ಆ ಸಂಖ್ಯೆಯನ್ನು ಯಾವ ನೋಂದಣಿ ಸಂಸ್ಥೆಯಲ್ಲಿ ದಾಖಲಿಸಲಾಗಿದೆಯೋ ಅಲ್ಲಿಯೇ ಹೆಸರು ಸಿಗಬೇಕು. ನಾಯಿ ಕೈಬದಲಾದಾಗ ಈ ದಾಖಲೆ ತಾನಾಗಿ ಬದಲಾಗುವುದಿಲ್ಲ. ಕೊಂಡವರು ತಮ್ಮ ಹೆಸರು ಮತ್ತು ಮೊಬೈಲ್ ಸಂಖ್ಯೆಯನ್ನು ಸೇರಿಸದಿದ್ದರೆ, ಮುಂಡರಗಿಯಲ್ಲಿ ಕಳೆದುಹೋದ ನಾಯಿಯ ಸುದ್ದಿ ಅದನ್ನು ಎಂದೋ ಮಾರಿದವನ ಮನೆಗೆ ಹೋಗುತ್ತದೆ.